ಕವರಿನ ಮೇಲಿನ ಕುಂಕುಮ

ಮೊನ್ನೆ ಕೆಮ್ಮು ಹತ್ತಿ, ಲವಂಗ ಹುಡುಕುತ್ತ ಅಡುಗೆಮನೆ ಹೊಕ್ಕೆ. ನಾಲ್ಕು ತಾಲ್ಲೂಕಿನ ಅಂಗಡಿಗಳಿಗೆ ಹೆಸರು ಬರೆದುಕೊಟ್ಟ ಮನುಷ್ಯನ ಮನೆಯಲ್ಲಿ ಒಂದು ಡಬ್ಬಿಯ ಮೇಲೂ ಹೆಸರಿಲ್ಲ. ಸಕ್ಕರೆ ಎಂದು ತೆಗೆದರೆ ರವೆ, ಜೀರಿಗೆ ಎಂದು ತೆಗೆದರೆ ಅಜವಾನ. "ಹಾಲಿನ ಪುಡಿ ಡಬ್ಬ್ಯಾಗ ಐತಿ ನೋಡ್ರಿ" ಎಂದು ಹೆಂಡತಿ ಹಿತ್ತಲಿನಿಂದ ಕೂಗಿದಳು. ಹಾಲಿನ ಪುಡಿಯ ಡಬ್ಬಿಯಲ್ಲಿ ಹಾಲಿನ ಪುಡಿಯೊಂದನ್ನು ಬಿಟ್ಟು ಬೇರೆಲ್ಲ ಇರುವುದು ನಮ್ಮ ಮನೆಯ ಪದ್ಧತಿ. ಅದರ ತಳದಲ್ಲಿ ಮಡಚಿ ರಬ್ಬರ್ ಹಾಕಿದ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಬಿಚ್ಚಿದರೆ ಲವಂಗದ ಜೊತೆ ಫಕೀರವ್ವ ಹೊರಗೆ ಬಂದಳು.

ಹಣೆಯ ತುಂಬ ಕುಂಕುಮ, ಮೊಣಕೈವರೆಗೆ ಹಸಿರು ಬಳೆ, ಎರಡು ಅಂಗೈ ನಡುವೆ ಹುಣ್ಣಿಮೆಯಂಥ ರೊಟ್ಟಿ. ಕೆಳಗೆ ದುಂಡಗಿನ ಅಕ್ಷರದಲ್ಲಿ 'ಫಕೀರವ್ವನ ಖಡಕ್ ರೊಟ್ಟಿ'. ಈ ಚಿತ್ರ ಬರೆದವನು ನಾನೇ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ ಈ ಮುಖ ಗುರುತು ಹಿಡಿಯುತ್ತಾರೆ. ಲವಂಗ ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ನಿಂತೆ. ಈ ಕವರು ಇನ್ನು ಅಚ್ಚಾಗುವುದಿಲ್ಲ.

ಶಿಗ್ಗಾಂವದ ಜನ ನನ್ನನ್ನು ಈಗಲೂ ಪೇಂಟರ್ ಎನ್ನುತ್ತಾರೆ. ನಾನು ಕುಂಚ ಮುಟ್ಟಿ ಎಷ್ಟೋ ಕಾಲವಾಯಿತು. ಪೇಂಟರ್ ಆಗಿದ್ದವನು ಅಪ್ಪ. ಪ್ಯಾಟಿಯ ಅಡತಿ ಅಂಗಡಿಗಳ ಕಾಳಿನ ಚೀಲಗಳಿಗೆ ಗುರುತು ಹಾಕಲು ಅಪ್ಪ ತಗಡಿನಲ್ಲಿ ಅಕ್ಷರ ಕತ್ತರಿಸಿ ಕೊಡುತ್ತಿದ್ದ. ತಗಡನ್ನು ಚೀಲದ ಮೇಲಿಟ್ಟು ನೀಲಿ ಬಣ್ಣದ ಅರಿವೆಯಿಂದ ಉಜ್ಜಿದರೆ ಸಾಹುಕಾರನ ಹೆಸರು ಮೂಡುತ್ತಿತ್ತು. ನಾನು ಶಾಲೆ ತಪ್ಪಿಸಿ ಜೋಳದ ಚೀಲಗಳ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದೆ. ಗೋಣಿಯ ದೂಳು, ಟರ್ಪೆಂಟೈನಿನ ವಾಸನೆ, ಹಮಾಲರ ಬೈಗುಳ, ಇವೇ ನನ್ನ ಕಲಾಶಾಲೆ. ಬೈಗುಳ ಎಲ್ಲಕ್ಕಿಂತ ಚೆನ್ನಾಗಿ ಕಲಿತೆ. ತಗಡಿನ ಅಂಚು ತಾಗಿ ಅಪ್ಪನ ಹೆಬ್ಬೆರಳು ಸದಾ ಸೀಳಿರುತ್ತಿತ್ತು. ಆ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಊಟ ಮಾಡುತ್ತಿದ್ದ. "ಚೀಲದಾಗ ಏನ ಇರಲಿ, ಮಂದಿ ಮೊದಲ ಓದೂದು ಹೆಸರಪಾ" ಎನ್ನುತ್ತಿದ್ದ. ಆಗ ಅದು ಹೆಮ್ಮೆಯ ಮಾತಿನಂತೆ ಕೇಳುತ್ತಿತ್ತು. ಈಗ ಅಷ್ಟು ಹೆಮ್ಮೆಯದಾಗಿ ಕೇಳುವುದಿಲ್ಲ.

ನನ್ನ ಕಾಲಕ್ಕೆ ಕಂಪ್ಯೂಟರ್ ಬಂತು, ಫ್ಲೆಕ್ಸ್ ಬಂತು. ಹೆದ್ದಾರಿಯ ಬಸ್ಸುಗಳು ನಿಲ್ಲುವ ಕಡೆ ಒಂದು ಮಳಿಗೆ ಹಿಡಿದೆ. ಡಿಸೈನ್ ಎಂದರೆ ಏನೆಂದು ಗಿರಾಕಿಗಳಿಗೆ ತಿಳಿಸಿ ಹೇಳುವ ಹುಮ್ಮಸ್ಸು ಮೊದಮೊದಲು ಬಹಳ ಇತ್ತು. ಖಾಲಿ ಜಾಗ ಬಿಟ್ಟರೆ ಅಕ್ಷರ ಉಸಿರಾಡುತ್ತವೆ ಎಂದೆಲ್ಲ ಹೇಳುತ್ತಿದ್ದೆ. ಗಿರಾಕಿ ತಾಳ್ಮೆಯಿಂದ ಕೇಳಿ, ಆ ಖಾಲಿ ಜಾಗಕ್ಕೇ ಬೆರಳಿಟ್ಟು, "ಇಲ್ಲಿ ನಮ್ಮ ಕಾಕಾನ ಫೋಟೋ ಹಾಕ್ರಿ" ಎನ್ನುತ್ತಿದ್ದ. ಕಾಕಾ ಬಂದರೆ ಸೋದರಮಾವ ಸಿಟ್ಟಾಗುತ್ತಾನೆ. ಸೋದರಮಾವ ಬಂದರೆ ಅವನ ಗೆಳೆಯರ ಬಳಗ ಬರಬೇಕು. ಕೊನೆಗೆ ಯಾರ ಹುಟ್ಟುಹಬ್ಬವೋ ಆ ಹುಡುಗ ಸಂತೆಯಲ್ಲಿ ಕಳೆದುಹೋದ ಕೂಸಿನಂತೆ ಮೂಲೆಯಲ್ಲಿ ನಿಂತಿರುತ್ತಾನೆ. ಬಳಗದವರು ಜಗಳಾಡಿದರೆ ಒಬ್ಬನನ್ನು ಅಳಿಸಬೇಕು, ಮರುವಾರ ರಾಜಿಯಾದರೆ ಮತ್ತೆ ತರಬೇಕು. ಇನ್ನು ಕೆಲವರು ಪಕ್ಕದ ಅಂಗಡಿಯ ಕಾರ್ಡನ್ನೇ ಹಿಡಿದುಕೊಂಡು ಬಂದು, "ಇಂಥಾದ್ದ ಬೇಕ್ರಿ, ಹೆಸರಷ್ಟ ನಂದು" ಎನ್ನುತ್ತಾರೆ. ನಾನು ಎಲ್ಲದಕ್ಕೂ ಆಯಿತೆನ್ನುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಇಲ್ಲ ಎಂದವನಲ್ಲ. ಗಿರಾಕಿಯ ಸಂಬಂಧ ಉಳಿಸಿಕೊಳ್ಳುವುದೆಂದರೆ ಇದೇ ಎಂದುಕೊಂಡಿದ್ದೆ. ನನ್ನ ಕೃತಿಗಳನ್ನು ನೋಡಬೇಕೆಂದರೆ ನೀವು ಸುಗ್ಗಿಯಲ್ಲಿ ತಡಸದ ಕಡೆ ಹೋಗಬೇಕು. ಗೋವಿನಜೋಳದ ರಾಶಿಗಳ ಮೇಲೆ ಮಂಜು ಬೀಳದಂತೆ ನನ್ನ ಹಳೆಯ ಫ್ಲೆಕ್ಸುಗಳನ್ನೇ ಹೊದಿಸಿರುತ್ತಾರೆ. ರಾಶಿಯ ಮೇಲಿನಿಂದ ಯಾರದೋ ಕಾಕಾ ಕೈಮುಗಿದು ಆಕಾಶಕ್ಕೆ ಶುಭ ಕೋರುತ್ತಿರುತ್ತಾನೆ.

ಫಕೀರವ್ವ ಬಂದದ್ದು ಇಂಥ ಅಂಗಡಿಗೆ. ಹಾನಗಲ್ ಬಸ್ಸಿಳಿದು, ಬಿಳಿ ಪಂಜಿಯ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ಬಗಲಲ್ಲಿ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ಹಣೆಯ ಮೇಲೆ ವಿಭೂತಿ ಮಾತ್ರ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಗಳನ್ನು ಓದಿಸಿದ ಹೆಣ್ಣುಮಗಳು. ಅಂಗಡಿಯವರು ಆಕೆಯ ರೊಟ್ಟಿಯನ್ನು ತೆಗೆದುಕೊಳ್ಳುತ್ತಿದ್ದರು, ಆದರೆ ಸಾಬೂನಿನ ಪೆಟ್ಟಿಗೆಗಳ ಹಿಂದೆ ಇಡುತ್ತಿದ್ದರು. ರೊಟ್ಟಿಗೆ ಸಾಬೂನಿನ ವಾಸನೆ ಹತ್ತಿ ವಾಪಸ್ ಬರುತ್ತಿತ್ತು.

"ಒಂದು ಹೆಸರಿನ ಚೀಟಿ ಮಾಡಿಕೊಡ್ರಿ. ಹೆಸರ ಇಲ್ಲದ್ದಕ್ಕ ಹಿಂದ ಇಡಾಕತ್ತಾರ" ಎಂದಳು.

ಚೀಟಿಗೊಂದು ಚಿತ್ರ ಬೇಕು ಎಂದೆ. ಇಂಥ ಹೊತ್ತಿನಲ್ಲಿ ಎಲ್ಲರೂ ದೇವರ ಚಿತ್ರ ಕೇಳುತ್ತಾರೆ, ನಾನು ಎರಡು ಮೂರು ದೇವರನ್ನು ತಯಾರಾಗಿಯೇ ಇಟ್ಟಿರುತ್ತೇನೆ. ಆಕೆ ಒಪ್ಪಲಿಲ್ಲ. "ರೊಟ್ಟಿ ತಿಂದು ಕವರ್ ಗಟಾರಕ್ಕ ಒಗೀತಾರ. ದೇವರನ್ನ ಗಟಾರಕ್ಕ ಕಳಸೂದು ಬ್ಯಾಡೋ ತಮ್ಮಾ." ನಾನು ಆಗಲೇ ತಮ್ಮ ಆಗಿಬಿಟ್ಟಿದ್ದೆ.

"ಹಂಗಾರ ನಿಮ್ಮ ಫೋಟೋನ ಹಾಕೋಣ್ರಿ."

ಆಕೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. "ನನ್ನ ಮಾರಿ ನೋಡಿ ಯಾರ ತಗೋತಾರ? ಮುಂಜಾನೆ ನಾ ಎದುರಿಗೆ ಬಂದ್ರ ಮಂದಿ ಮನಿ ಒಳಗ ಹೊಕ್ಕು ನೀರು ಕುಡದು ಮತ್ತ ಹೊರಬೀಳ್ತಾರ. ಇನ್ನ ಊಟದ ಪ್ಯಾಕೀಟಿನ ಮ್ಯಾಲ ನಾನಾ?"

ಸಿಟ್ಟಿನಿಂದ ಹೇಳಿದ ಮಾತಲ್ಲ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತವೆ ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು ಸುಮ್ಮನೆ ಪೆನ್ಸಿಲ್ ತೆಗೆದುಕೊಂಡು, ಆಕೆಯ ಕೈ ನೋಡುತ್ತ ಚಿತ್ರ ಶುರುಮಾಡಿದೆ. ಕೈ ಆಕೆಯದೇ, ಅಗಲ ಮೂಗು ಆಕೆಯದೇ, ನಕ್ಕರೆ ಗಲ್ಲದಲ್ಲಿ ಬೀಳುವ ಗುಳಿಯೂ ಆಕೆಯದೇ. ಹಣೆಯ ಹತ್ತಿರ ಬಂದಾಗ ಪೆನ್ಸಿಲ್ ಕೆಳಗಿಟ್ಟು ಕೆಂಪು ಸ್ಕೆಚ್ ಪೆನ್ ತೆಗೆದುಕೊಂಡೆ.

ಆಕೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. "ಯಾರೀಕಿ?"

"ನೀವ ರೀ."

ಕಾಗದದ ಮೇಲಿನ ಹಣೆಯನ್ನು ಬೆರಳಿನಿಂದ ಮುಟ್ಟಿದಳು. "ಈಕಿ ನಾ ಅಲ್ಲೋ ತಮ್ಮಾ" ಎಂದಳು ಆಮೇಲೆ. "ನಾ ಈಕಿ ಇದ್ದೆ."

ಕವರು ಹುಬ್ಬಳ್ಳಿಯಿಂದ ಅಚ್ಚಾಗಿ ಬಂತು. ರೊಟ್ಟಿ ಬದಲಾಗಲಿಲ್ಲ. ಅದೇ ಜೋಳ, ಅದೇ ಒಲೆ, ಅದೇ ಕೈ. ಆದರೂ ಸಾಬೂನಿನ ಹಿಂದಿದ್ದ ರೊಟ್ಟಿ ಅಂಗಡಿಯ ಮುಂದಿನ ಸಾಲಿಗೆ ಬಂತು. ಸವಣೂರಿನಲ್ಲಿ ಖಾರ ಮಾರುವ ಅಂಗಡಿಯವನು ಖಾರದ ಪಕ್ಕದಲ್ಲೇ ಜಾಗ ಕೊಟ್ಟ. ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಜನ ಹೆಸರು ಓದುತ್ತಿರಲಿಲ್ಲ, "ಆ ಕುಂಕುಮದ ಅವ್ವಂದು ಕೊಡ್ರಿ" ಎನ್ನುತ್ತಿದ್ದರು. ಬೇರೆ ಗಿರಾಕಿಗಳು ಬಂದಾಗಲೆಲ್ಲ ನಾನು ಈ ಕತೆ ಹೇಳಿ ಹಿಗ್ಗುತ್ತಿದ್ದೆ. ನೋಡ್ರಿ, ಡಿಸೈನ್ ಅಂದ್ರ ಇದು, ರೊಟ್ಟಿ ಅವೇ ಇದ್ರೂ ವ್ಯಾಪಾರ ಬದಲಾತು! ಹಿಗ್ಗಿ ಹೇಳಿದ ಮೇಲೆ ಒಳಗೆ ಏನೋ ಚುಚ್ಚುತ್ತಿತ್ತು. ರೊಟ್ಟಿ ಬಡಿದವಳು ಬಾಗಿಲಲ್ಲಿ ನಿಂತಾಗ ಬಾರದ ಗೌರವ ಒಂದು ಕೆಂಪು ಚುಕ್ಕೆಗೆ ಬಂತಲ್ಲ!

ಕವರು ತೀರಿದಾಗಲೆಲ್ಲ ಆಕೆ ತಾನೇ ಬರುತ್ತಿದ್ದಳು. ಫೋನ್ ಮಾಡಿದರೆ ನಾನೇ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದರೂ ಕೇಳುತ್ತಿರಲಿಲ್ಲ. ಬಂದವಳೇ ನನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚುವಳು. ನಾನು ಗಿರಾಕಿಯ ಎದುರು ತಿನ್ನಬಾರದು ಎಂಬ ಶಿಸ್ತಿನ ಮನುಷ್ಯ. ಆ ಶಿಸ್ತು ಚಟ್ನಿಯ ವಾಸನೆ ಬರುವವರೆಗೆ ಇರುತ್ತಿತ್ತು. ಅಕ್ಷರ ದೊಡ್ಡದು ಮಾಡು ಎಂದು ಆಕೆ ಒಮ್ಮೆಯೂ ಹೇಳಲಿಲ್ಲ, ಬಣ್ಣ ಬದಲಿಸು ಎಂದೂ ಹೇಳಲಿಲ್ಲ. ಒಂದೇ ಮಾತು ಕೇಳುತ್ತಿದ್ದಳು.

"ಆಕಿನ್ನ ತೋರಸೋ ತಮ್ಮಾ."

ನಾನು ಕಂಪ್ಯೂಟರಿನಲ್ಲಿ ಚಿತ್ರ ತೆರೆದು, ಪರದೆ ತುಂಬುವ ಹಾಗೆ ದೊಡ್ಡದು ಮಾಡುತ್ತಿದ್ದೆ. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಯ ಮುಂದೆ ಕುಳಿತವರಂತೆ ಸೆರಗು ಸರಿಮಾಡಿಕೊಂಡು ನೋಡುತ್ತಿದ್ದಳು. ನಾನು ಕತ್ತರಿ ಹುಡುಕುವ ನೆಪ ಮಾಡಿಕೊಂಡು ಅತ್ತ ಹೋಗುತ್ತಿದ್ದೆ. ಸಾಕಾದ ಮೇಲೆ "ಮುಚ್ಚಪಾ" ಎಂದು ಎದ್ದು ಬಸ್ಸಿಗೆ ಹೋಗುತ್ತಿದ್ದಳು.

ಒಂದು ಸಲ ನಗುತ್ತ ಒಂದು ಸಂಗತಿ ಹೇಳಿದಳು. ಓಣಿಯ ದೊಡ್ಡ ಮನೆಯಲ್ಲಿ ಕುಬಸವಿತ್ತಂತೆ, ರೊಟ್ಟಿ ಈಕೆಯದೇ. ಬಸುರಿಗೆ ಉಡಿ ತುಂಬುವ ಹೊತ್ತಿಗೆ ರೊಟ್ಟಿಯ ಪ್ಯಾಕೀಟನ್ನೂ ಹಣ್ಣಿನ ತಾಟಿನ ಜೊತೆ ಒಳಗೆ ಒಯ್ದರಂತೆ. "ನನ್ನ ಕವರ್ ಒಳಗ ಹೋತು. ನಾ ಪಡಸಾಲ್ಯಾಗ ಕುಂತೆ. ಆಕಿ ಉಡಿ ತುಂಬೂದು ನೋಡ್ಯಾಳ, ಬಂದು ನನಗ ಒಂದು ಮಾತೂ ಹೇಳಲಿಲ್ಲ ನೋಡು!" ಎಂದು ಗಲ್ಲದ ಗುಳಿ ಬೀಳುವಂತೆ ನಕ್ಕಳು. ನಾನೂ ನಗಲು ನೋಡಿದೆ. ಕೈಯಲ್ಲಿದ್ದ ರೊಟ್ಟಿಯನ್ನು ಪೊಟ್ಟಣದ ಮೇಲೆ ವಾಪಸ್ ಇಟ್ಟೆ.

ಈ ಮಳೆಗಾಲದಲ್ಲಿ ಆಕೆ ಬರಲಿಲ್ಲ. ಮಳೆಗಾಲದಲ್ಲಿ ರೊಟ್ಟಿ ಒಣಗುವುದು ತಡ, ಕವರು ಬೇಗ ತೀರುವುದಿಲ್ಲ ಎಂದುಕೊಂಡೆ. ಒಂದು ಮಧ್ಯಾಹ್ನ ಆಕೆಯ ಮಗಳು ರೇಣುಕಾ ಬಂದಳು, ಹಂಸಭಾವಿಗೆ ಕೊಟ್ಟ ಮಗಳು. ಜೊತೆಗೆ ಫಕೀರವ್ವನ ಮೈದುನ ಬಸವಣ್ಣೆಪ್ಪ. ರೇಣುಕಾಳ ಕಣ್ಣು ನೋಡಿದ ಕೂಡಲೇ ತಿಳಿಯಿತು. ಫಕೀರವ್ವನಿಗೆ ಜ್ವರ ಬಂದು ನ್ಯುಮೋನಿಯಾಕ್ಕೆ ತಿರುಗಿ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳಂತೆ. ನಾನು ಅಭ್ಯಾಸದಂತೆ ಕೆಂಪು ಕುರ್ಚಿ ತೋರಿಸಿ "ಕುಂದರ್ರಿ" ಎಂದೆ. ಅದರಲ್ಲಿ ಇಬ್ಬರೂ ಕುಳಿತುಕೊಳ್ಳಲಿಲ್ಲ.

ಶ್ರದ್ಧಾಂಜಲಿಯ ಬ್ಯಾನರ್ ಬೇಕಾಗಿತ್ತು. ರೇಣುಕಾ ಆಧಾರ್ ಕಾರ್ಡು ಕೊಟ್ಟಳು. ಅದರಲ್ಲಿನ ಮುಖ, ಎಲ್ಲರ ಆಧಾರಿನಂತೆ, ಯಾರದೋ ಮುಖ. ಅದನ್ನು ದೊಡ್ಡದು ಮಾಡಿದರೆ ಮುಖವೇ ಕಲಸಿ ಹೋಗುತ್ತಿತ್ತು.

"ಅವ್ವ ಬ್ಯಾರೆ ಫೋಟೋ ತಗಸ್ಕೊಂಡ ಇಲ್ರಿ ಅಣ್ಣಾರ" ಎಂದಳು ರೇಣುಕಾ. "ಕವರಿನ ಮ್ಯಾಲಿಂದ ಹಾಕ್ರಿ. ಮಂದಿಗೆ ಅದ ಅವ್ವ."

ಚಿತ್ರ ತೆರೆದೆ. ಪರದೆಯ ತುಂಬ ಆಕೆ ಬಂದಳು, ಕುಂಕುಮ, ಬಳೆ, ನಗು. ಬಸವಣ್ಣೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಕೆಟ್ಟ ಮನುಷ್ಯನಲ್ಲ. ಅಣ್ಣ ಹೋದ ಮೇಲೆ ಅತ್ತಿಗೆಯ ಒಲೆಗೆ ಕಟ್ಟಿಗೆ ತಂದು ಹಾಕಿದವನು ಅವನೇ.

"ಪೇಂಟರ್ ರೀ, ಕುಂಕುಮ ತಗೀರಿ. ವಿಭೂತಿ ಹಚ್ಚರಿ" ಎಂದ. "ವ್ಯಾಪಾರಕ್ಕ ಇತ್ತು, ಆತು. ಸತ್ತ ಮ್ಯಾಲ ಹಿಂಗ ಹಾಕಿದ್ರ ನಾಕ ಮಂದಿ ಏನಂದಾರು? ನಮ್ಮಣ್ಣಗ ಮರ್ಯಾದಿ ಬ್ಯಾಡೇನು?"

ಅಳಿಸುವುದು ನನ್ನ ಕಸುಬಿನಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ತಲೆಯ ಹಿಂದಿನ ಕರೆಂಟು ಕಂಬ ಅಳಿಸುತ್ತೇನೆ, ಜಗಳಾಡಿದ ಗೆಳೆಯನನ್ನು ಅಳಿಸುತ್ತೇನೆ, ಶಾಸಕರ ಗಲ್ಲದ ಮೇಲಿನ ನರಹುಲಿ ಅಳಿಸುತ್ತೇನೆ. ಗಿರಾಕಿ ಹೇಳುತ್ತಾನೆ, ಕೈ ಓಡುತ್ತದೆ. ಆ ಹೊತ್ತಿಗೂ ಕೈ ಓಡಿತು. ಕುಂಕುಮದ ಮೇಲೆ ಬಾಣದ ಗುರುತು ಇಟ್ಟು ಗುಂಡಿ ಒತ್ತಿದೆ. ಹೋಯಿತು. ಬಳೆಗಳ ಮೇಲೆ ಇಟ್ಟು ಒತ್ತಿದೆ. ಅವೂ ಹೋದವು. ಗಂಡ ತೀರಿಕೊಂಡಾಗ ಹೆಂಗಸರು ಆಕೆಯನ್ನು ಹಿಡಿದು ಕೂರಿಸಿ ಮಾಡಿದ್ದನ್ನು ನಾನು ಕುರ್ಚಿಯಲ್ಲಿ ಕುಳಿತು, ಫ್ಯಾನಿನ ಗಾಳಿಯಲ್ಲಿ, ಎರಡು ಬೆರಳಿನಿಂದ ಮಾಡಿದ್ದೆ.

ಆಮೇಲೆ ಪರದೆ ನೋಡಿದೆ. ಫಕೀರವ್ವ ಕುಳಿತಿದ್ದಳು. ಇಷ್ಟು ವರ್ಷಗಳಲ್ಲಿ ಆ ಚಿತ್ರ ಆಕೆಯ ಹಾಗೆ ಕಂಡದ್ದು ಆಗಲೇ ಮೊದಲು. ನನಗೆ ಪರಿಚಯವಿದ್ದವಳು ಈಕೆ, ಬಾಗಿಲಲ್ಲಿ ಗಂಟು ಹಿಡಿದು ನಿಂತವಳು, ಚಟ್ನಿ ಬಿಚ್ಚಿದವಳು, ಪಡಸಾಲೆಯಲ್ಲಿ ಕುಳಿತವಳು. ನಾನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೆ. ಬಸವಣ್ಣೆಪ್ಪ "ಈಗ ಬರೊಬ್ಬರಿ..." ಎನ್ನುತ್ತ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡ.

ರೇಣುಕಾ ಮಾತ್ರ ಅಳಲಿಲ್ಲ. "ಈಕಿ ನನಗ ಗೊತ್ತದಾಳ್ರಿ" ಎಂದಳು. "ಒಲಿ ಮುಂದ ದಿನಾ ಈಕಿನ್ನ ನೋಡೇನಿ. ಅವ್ವ ಇಲ್ಲಿಗೆ ಬಸ್ಸಿಗೆ ರೊಕ್ಕ ಕೊಟ್ಟು ಬರ್ತಿದ್ದದ್ದು ಈಕಿನ್ನ ನೋಡಾಕಲ್ಲ. ಆಕಿನ್ನ ನೋಡಾಕ. ಮನಿಗೆ ಬಂದು ನನಗ ಫೋನ್ ಹಚ್ಚಿ ಹೇಳ್ತಿದ್ಲು, ಇವತ್ತು ಆಕಿನ್ನ ನೋಡಿ ಬಂದೆ ಅಂತ. ಒಂದು ಸರತಿ ಆಕಿ ಆಗೇ ಹೋಗ್ಲಿ ಬಿಡ್ರಿ ಕಾಕಾ."

"ರೇಣುಕಾ, ಹಂಗ ಬರೂದಿಲ್ಲ" ಎಂದ ಬಸವಣ್ಣೆಪ್ಪ. ನನ್ನ ಕಡೆ ತಿರುಗಿ, "ನೀವ ಹೇಳ್ರಿ" ಎಂದ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಬ್ಯಾನರ್ ಮಾಡಿಸುತ್ತಿದ್ದವನು ಬಸವಣ್ಣೆಪ್ಪ, ಗಿರಾಕಿ ಅವನೇ ಅನ್ನಬೇಕು. ಆದರೆ ಆ ಕೆಂಪು ಕುರ್ಚಿ ಖಾಲಿ ಇತ್ತು. ಅದರಲ್ಲಿ ಕುಳಿತವಳು ನನ್ನನ್ನು ಕೇಳಿದ್ದು ಒಂದೇ ಒಂದು. ನಾನು ಅನ್‌ಡೂ ಗುಂಡಿ ಒತ್ತಿದೆ. ಬಳೆ ಬಂದವು. ಮತ್ತೆ ಒತ್ತಿದೆ. ಕುಂಕುಮ ಬಂತು. ಮಾಡಿದ್ದನ್ನು ಮಾಡದಂತೆ ಮಾಡುವ ಆ ಗುಂಡಿ ಕಂಪ್ಯೂಟರಿನಲ್ಲಿ ಮಾತ್ರ ಇದೆ, ಓಣಿಯಲ್ಲಿ ಇಲ್ಲ.

"ಇದು ನನ್ನ ಕಡಿಂದ ಆಗೂದಿಲ್ರಿ, ತೆಗಿಯಾಕ" ಎಂದೆ. ಗಿರಾಕಿಯೊಬ್ಬನಿಗೆ ನಾನು ಇಲ್ಲವೆಂದದ್ದು ಅದೇ ಮೊದಲು. 

ಬಸವಣ್ಣೆಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗಾರ ಕೆಳಗ ನನ್ನ ಹೆಸರು ಹಾಕಬ್ಯಾಡ್ರಿ" ಎಂದು ಹೊರಗೆ ಹೋಗಿ ಬೈಕಿನ ಹತ್ತಿರ ನಿಂತ. ಕಾಕಾನನ್ನು ಹಾಕು, ಮಾವನನ್ನು ಹಾಕು ಎನ್ನುವವರನ್ನೇ ನೋಡಿಕೊಂಡು ಬಂದ ನನಗೆ, ಹೆಸರು ಬೇಡ ಎಂದ ಗಿರಾಕಿ ಸಿಕ್ಕಿದ್ದೂ ಅದೇ ಮೊದಲು. ಬ್ಯಾನರಿನ ಕೆಳಗೆ ರೇಣುಕಾಳ ಹೆಸರೊಂದೇ ಬಂತು. ಸುತ್ತಲೂ ಬೇಕಾದಷ್ಟು ಖಾಲಿ ಜಾಗ ಉಳಿಯಿತು. ನಾನು ಮಾಡಿದ ಬ್ಯಾನರುಗಳಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ, ಅದನ್ನು ನೋಡಿ ಸಂತೋಷಪಡುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಬ್ಯಾನರನ್ನು ಸುರುಳಿ ಸುತ್ತಿಕೊಂಡು ನಾನೇ ಹಾನಗಲ್ ಬಸ್ಸು ಹತ್ತಿದೆ. ಆಕೆ ಗಂಟು ಹಿಡಿದುಕೊಂಡು ಬರುತ್ತಿದ್ದ ದಾರಿಯಲ್ಲಿ ಆಕೆಯನ್ನು ಬಗಲಲ್ಲಿ ಹಿಡಿದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಎದುರು, ಆಕೆ ಪ್ಯಾಕೀಟು ಕೊಡುತ್ತಿದ್ದ ಅಂಗಡಿಯ ಮಗ್ಗುಲಿಗೆ ಬ್ಯಾನರ್ ಕಟ್ಟುವುದೆಂದು ರೇಣುಕಾ ಹೇಳಿದ್ದಳು. ಹೋಗಿ ನೋಡಿದರೆ ಬಸವಣ್ಣೆಪ್ಪ ನಿಚ್ಚಣಿಕೆ ತಂದು ನಿಂತಿದ್ದ.  ನಾನು ಮೇಲಿನ ಹಗ್ಗ ಕಟ್ಟಿದೆ, ಅವನು ಕೆಳಗಿನದನ್ನು ಹಿಡಿದ. ಬ್ಯಾನರಿಗೆ ಬೆನ್ನು ಮಾಡಿಯೇ ನಿಂತಿದ್ದ.

ಹಿರೇಕೆರೂರಿನ ಬಸ್ಸು ಬಂದು ನಿಂತಿತು. ಚೀಲ ಹಿಡಿದ ಇಬ್ಬರು ಹೆಂಗಸರು ಇಳಿದು, ತಲೆ ಎತ್ತಿ ನೋಡಿ ನೇರ ನಮ್ಮ ಹತ್ತಿರ ಬಂದರು. "ಯಣ್ಣಾ, ಈ ರೊಟ್ಟಿ ಇಲ್ಲೇ ಸಿಗತಾವೇನ್ರಿ?" ಎಂದು ಹಿರಿಯವಳು ಬಸವಣ್ಣೆಪ್ಪನನ್ನು ಕೇಳಿದಳು.

ಅವನು ಮೇಲಿನ 'ಶ್ರದ್ಧಾಂಜಲಿ' ಅಕ್ಷರದ ಕಡೆ ಕೈ ತೋರಿಸಿದ. ಕಿರಿಯವಳು ಓದಿ ಹಿರಿಯವಳ ಕಿವಿಯಲ್ಲಿ ಹೇಳಿದಳು. ಹಿರಿಯವಳು ಚೀಲವನ್ನು ನೆಲಕ್ಕಿಟ್ಟು ಕೈ ಮುಗಿದಳು. ಆಕೆಯ ಹಣೆಯಲ್ಲೂ ವಿಭೂತಿ ಮಾತ್ರವಿತ್ತು.

"ಯವ್ವಾ, ಎಷ್ಟು ಚಂದ ಅದಾಳ ನೋಡ! ಮುತ್ತೈದಿಯಾಗಿ ಹೋಗ್ಯಾಳ. ಪುಣ್ಯಾ ಮಾಡಿದಾಕಿ" ಎಂದಳು.

ನಾನು ನಿಚ್ಚಣಿಕೆಯ ಮೇಲಿಂದ ಕೆಳಗೆ ನೋಡಿದೆ. ಬಸವಣ್ಣೆಪ್ಪ ಆಗ ತಿರುಗಿ, ಆ ದಿನ ಮೊದಲ ಸಲ, ತಲೆ ಎತ್ತಿ ತನ್ನ ಅತ್ತಿಗೆಯ ಮುಖ ನೋಡಿದ. ಹಗ್ಗ ಅವನ ಕೈಯಲ್ಲೇ ಇತ್ತು.

"ಹೌದ್ರಿ" ಎಂದ.